ಓಡಿದರೆ ದ್ರವ್ಯರಾಶಿ ಹೆಚ್ಚುತ್ತದಾ? ಕಾಪುವಿನಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಗಳು ಮಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ದಿನಾ ಕಾಪುವಿನಿಂದ ಬಸ್ಸಲ್ಲಿ ಹೋಗಿ ಬರುತ್ತಾಳೆ. ವೇಗ ಹೆಚ್ಚಿದ ಹಾಗೆ ವಸ್ತುವಿನ ದ್ರವ್ಯರಾಶಿಯೂ ಹೆಚ್ಚುತ್ತದೆ, ಬೆಳಕಿನ ವೇಗ ಮುಟ್ಟಿದರೆ ಅನಂತ ಆಗುತ್ತದೆ ಎಂದು ಅವಳ ನೋಟ್ಸಲ್ಲಿದೆ. ಯೂಟ್ಯೂಬಿನಲ್ಲಿ ಒಬ್ಬರು ಅದು ಪೂರ್ತಿ ತಪ್ಪು, ದ್ರವ್ಯರಾಶಿ ಬದಲಾಗುವುದೇ ಇಲ್ಲ ಅನ್ನುತ್ತಾರೆ. ಯಾವುದು ಸರಿ ಸರ್? ಹೆಚ್ಚುವುದು ನಿಜವಾದರೆ ಜೊತೆಯಲ್ಲೇ ಹೋಗುವವನಿಗೂ ಅದು ಗೊತ್ತಾಗಬೇಕಲ್ವಾ? ಹೀಗೇ ವೇಗ ಏರಿಸುತ್ತಾ ಹೋದರೆ ಒಂದು ಕಲ್ಲು ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಆಗಿಬಿಡುತ್ತದಾ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಯೂಟ್ಯೂಬಿನವರು ಹೇಳಿದ್ದು ಸರಿ. ಆದರೆ ಪೂರ್ತಿ ತಪ್ಪು ಅಂತ ಬೊಬ್ಬೆ ಹಾಕುವಷ್ಟು ತಪ್ಪೇನೂ ನೋಟ್ಸಲ್ಲಿಲ್ಲ. ಆ ಸೂತ್ರ ಹಿಡಿದು ಲೆಕ್ಕ ಮಾಡಿದರೂ ಶಕ್ತಿ, ಸಂವೇಗ (ಮೊಮೆಂಟಮ್) ಎಲ್ಲ ಸರಿಯಾಗಿಯೇ ಬರುತ್ತವೆ. ತೊಂದರೆ ಇರುವುದು ಅದು ತಲೆಯೊಳಗೆ ಕೂರಿಸುವ ಚಿತ್ರದಲ್ಲಿ. ಓಡುವ ಕಲ್ಲಿನ ಒಳಗೆ ಏನೋ ತುಂಬಿಕೊಳ್ಳುತ್ತಾ ಉಂಟು, ಕಲ್ಲು ಭಾರ ಆಗುತ್ತಾ ಉಂಟು ಎಂಬ ಚಿತ್ರ. ಹಾಗೆ ಏನೂ ಆಗುವುದಿಲ್ಲ ಮಾರಾಯ್ರೆ. ನಿಮ್ಮ ಕಪ್ಪುಕುಳಿ ಪ್ರಶ್ನೆ ಹುಟ್ಟಿದ್ದೂ ಅದೇ ಚಿತ್ರದಿಂದ. ಆ ಪ್ರಶ್ನೆಗೆ ಕೊನೆಗೆ ಬರುವಾ, ಅದಕ್ಕೆ ಒಳ್ಳೇ ಉತ್ತರ ಉಂಟು.

ಮಗಳು ಹತ್ತುವ ಎಕ್ಸ್‌ಪ್ರೆಸ್ ಬಸ್ಸನ್ನೇ ತಗೊಳ್ಳಿ. ಗಂಟೆಗೆ 72 ಕಿಲೋಮೀಟರ್ ವೇಗ ಅಂತ ಇಟ್ಟುಕೊಳ್ಳುವಾ, ಅಂದರೆ ಸೆಕೆಂಡಿಗೆ 20 ಮೀಟರ್. (ನಮ್ಮ ಎಕ್ಸ್‌ಪ್ರೆಸ್ ಡ್ರೈವರುಗಳು ಇದನ್ನು ಓದಿ ನಗಬಹುದು. ಲೆಕ್ಕಕ್ಕೆ ಸುಲಭ ಅಂತ ತಗೊಂಡದ್ದು, ಅಷ್ಟೆ.) ಅವಳ ಮಡಿಲಲ್ಲಿ 10 ಕೆ.ಜಿ.ಯ ಬ್ಯಾಗ್. ಮೂಲ್ಕಿ ಸ್ಟ್ಯಾಂಡಿನಲ್ಲಿ ನಿಂತವನ ಲೆಕ್ಕದಲ್ಲಿ ಆ ಬ್ಯಾಗಿನ ಚಲನಶಕ್ತಿ 2000 ಜೂಲ್. ಮಗಳ ಲೆಕ್ಕದಲ್ಲಿ ಸೊನ್ನೆ, ಬ್ಯಾಗ್ ಅವಳ ಮಡಿಲಲ್ಲಿ ಸುಮ್ನೆ ಕೂತಿದೆಯಲ್ಲ. ಎದುರಿನಿಂದ ಅಷ್ಟೇ ವೇಗದಲ್ಲಿ ಬರುವ ಲಾರಿಯವನಿಗೆ 8000 ಜೂಲ್. ಮೂವರಲ್ಲಿ ಯಾರ ಲೆಕ್ಕ ತಪ್ಪು? ಯಾರದ್ದೂ ಅಲ್ಲ. ಚಲನಶಕ್ತಿ ಬ್ಯಾಗಿನ ಸ್ವಂತ ಆಸ್ತಿ ಅಲ್ಲವೇ ಅಲ್ಲ, ಅದು ಬ್ಯಾಗಿಗೂ ಅಳೆಯುವವನಿಗೂ ನಡುವಿನ ವ್ಯವಹಾರ. ಲಾರಿಯವನು ನೋಡಿದ ಅಂತ ಬ್ಯಾಗಿನೊಳಗಿನ ಪುಸ್ತಕಕ್ಕೆ ಏನೂ ಆಗಿಲ್ಲ. ಅಳೆಯುವವನು, ಅವನ ಗಡಿಯಾರ, ಅವನ ಅಳತೆಕೋಲು, ಈ ಸೆಟ್ಟಿಗೇ ಚೌಕಟ್ಟು ಅಥವಾ ರೆಫರೆನ್ಸ್ ಫ್ರೇಮ್ ಅನ್ನುವುದು. ಚೌಕಟ್ಟು ಬದಲಾದರೆ ಚಲನಶಕ್ತಿ ಬದಲಾಗುತ್ತದೆ ಎನ್ನುವುದು ನ್ಯೂಟನ್‌ನ ಕಾಲದಿಂದಲೂ ಇರುವ ವಿಷಯ, ಇದರಲ್ಲಿ ಐನ್‌ಸ್ಟೈನ್ ಇನ್ನೂ ಬಂದೇ ಇಲ್ಲ.

ಐನ್‌ಸ್ಟೈನ್ ಬಂದ ಮೇಲೆ ಆದದ್ದು ಏನೆಂದರೆ, ಹೀಗೆ ಚೌಕಟ್ಟಿಗೊಂದು ಬೆಲೆ ತೋರಿಸುವ ಶಕ್ತಿ ಮತ್ತು ಸಂವೇಗವನ್ನು ಒಂದು ರೀತಿಯಲ್ಲಿ ಜೋಡಿಸಿದರೆ ಎಲ್ಲರಿಗೂ ಒಂದೇ ಉತ್ತರ ಬರುತ್ತದೆ ಎಂದು ಗೊತ್ತಾಯಿತು. ಶಕ್ತಿಯ ವರ್ಗದಿಂದ ಸಂವೇಗದ ವರ್ಗ ಕಳೆಯಿರಿ. (ಬೆಳಕಿನ ವೇಗವನ್ನು 1 ಎಂದು ಇಟ್ಟುಕೊಂಡಿದ್ದೇನೆ, ಇಲ್ಲದಿದ್ದರೆ ಸಾಲು ಸಾಲು ಗುಣಾಕಾರ ಬರೆಯಬೇಕು.) ಉಳಿದದ್ದರ ವರ್ಗಮೂಲ ತೆಗೆದರೆ ಅದೇ ದ್ರವ್ಯರಾಶಿ.

ಇದನ್ನು ಮಗಳು ಕೈಯಲ್ಲೇ ಮಾಡಿ ನೋಡಬಹುದು. 3 ಯೂನಿಟ್ ದ್ರವ್ಯರಾಶಿಯ ಒಂದು ಕಣ ಬೆಳಕಿನ ವೇಗದ 0.8 ಪಾಲಿನಲ್ಲಿ ಹೋಗುತ್ತಿದೆ. ಮೊದಲು ಗಾಮಾ, ಅಂದರೆ ವೇಗದಿಂದ ಬರುವ ಗುಣಕ, ಕಂಡುಹಿಡಿಯಬೇಕು. 0.8ರ ವರ್ಗ 0.64, ಅದನ್ನು 1ರಿಂದ ಕಳೆದರೆ 0.36, ವರ್ಗಮೂಲ 0.6, 1ನ್ನು ಅದರಿಂದ ಭಾಗಿಸಿದರೆ 1.67, ಸರಿಯಾಗಿ ಹೇಳಿದರೆ ಮೂರನೇ ಐದು. ನಮ್ಮ ಚೌಕಟ್ಟಿನಲ್ಲಿ ಕಣದ ಒಟ್ಟು ಶಕ್ತಿ 3 ಗುಣಿಸು ಮೂರನೇ ಐದು, ಅಂದರೆ 5. ಸಂವೇಗ ಅದರ 0.8 ಪಾಲು, ಅಂದರೆ 4. ಈಗ 25ರಿಂದ 16 ಕಳೆಯಿರಿ, 9. ವರ್ಗಮೂಲ 3. ಕಣದ ಬೆನ್ನ ಮೇಲೆ ಕೂತು ಹೋಗುವವನಿಗೆ ಸಂವೇಗ ಸೊನ್ನೆ, ಶಕ್ತಿ 3. ಒಂಬತ್ತರಿಂದ ಸೊನ್ನೆ ಕಳೆದರೆ ಒಂಬತ್ತೇ. ಅವನಿಗೂ 3.

ನೋಟ್ಸಿನವರು ಮಾಡಿದ್ದು ಇಷ್ಟೆ, ಆ 5 ಉಂಟಲ್ಲ, ಅದನ್ನು ಓಡುವ ಕಣದ ದ್ರವ್ಯರಾಶಿ ಅಂತ ಕರೆದರು. ಅದು ಶಕ್ತಿಯೇ. ಒಟ್ಟು ಶಕ್ತಿ ಎಂಬ ಹೆಸರು ಇರುವಾಗಲೇ ಅದಕ್ಕೆ ಇನ್ನೊಂದು ಹೆಸರಿಟ್ಟದ್ದು. ಜೊತೆಯಲ್ಲಿ ಹೋಗುವವನಿಗೆ ಅದು ಯಾಕೆ ಕಾಣುವುದಿಲ್ಲ ಎಂದು ಕೇಳಿದ್ದೀರಿ, ಬ್ಯಾಗಿನ 2000 ಜೂಲ್ ಮಗಳಿಗೆ ಯಾಕೆ ಕಾಣುವುದಿಲ್ಲವೋ ಅದೇ ಕಾರಣಕ್ಕೆ.

ಇಲ್ಲಿ ಜಾಣ ಮಕ್ಕಳು ಒಂದು ಪ್ರಶ್ನೆ ಹಾಕುತ್ತಾರೆ, ಹಾಕಲೇಬೇಕು. ಕಣ ಭಾರ ಆಗುವುದಿಲ್ಲ ಎಂದಾದರೆ ಎಷ್ಟು ತಳ್ಳಿದರೂ ಅದು ಬೆಳಕಿನ ವೇಗ ಯಾಕೆ ಮುಟ್ಟುವುದಿಲ್ಲ? ಮುಟ್ಟುವುದಿಲ್ಲ ಎನ್ನುವುದಂತೂ ನಿಜ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ವಿಲಿಯಂ ಬರ್ಟೋಜಿ ಎಂಬವರು ಇದನ್ನೇ ಪರೀಕ್ಷೆ ಮಾಡಿ 1964ರಲ್ಲಿ ಪ್ರಕಟಿಸಿದರು. ಎಲೆಕ್ಟ್ರಾನುಗಳಿಗೆ ಜಾಸ್ತಿ ಜಾಸ್ತಿ ಶಕ್ತಿ ಕೊಟ್ಟು, 8.4 ಮೀಟರ್ ದೂರ ಹೋಗಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ಬೆಳಕಿಗೆ ಆ ದೂರಕ್ಕೆ 28 ನ್ಯಾನೋಸೆಕೆಂಡ್ ಸಾಕು. 15 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಪುಟ್ಟ ಯೂನಿಟ್) ಶಕ್ತಿ ಕೊಟ್ಟಾಗ ನ್ಯೂಟನ್ ಸೂತ್ರದ ಪ್ರಕಾರ ಎಲೆಕ್ಟ್ರಾನ್ ಬೆಳಕಿನ ಏಳೂವರೆ ಪಟ್ಟು ವೇಗದಲ್ಲಿ ಓಡಬೇಕಿತ್ತು. ಓಡಿದ್ದು ಬೆಳಕಿನ ವೇಗದ ಹತ್ತಿರ ಹತ್ತಿರ, ಅದರಾಚೆಗೆ ಇಲ್ಲ. ನನಗೆ ಈ ಪ್ರಯೋಗದಲ್ಲಿ ಬಹಳ ಇಷ್ಟವಾಗುವ ಭಾಗ ಕೊನೆಯದ್ದು. ಕೊಟ್ಟ ಶಕ್ತಿ ನಿಜವಾಗಿಯೂ ಎಲೆಕ್ಟ್ರಾನಿಗೆ ಹೋಗಿ ಸೇರಿದೆಯಾ, ದಾರಿಯಲ್ಲಿ ಎಲ್ಲೋ ಸೋರಿಹೋಯಿತಾ ಎಂಬ ಅನುಮಾನ ಬರುತ್ತದಲ್ಲ, ಅದಕ್ಕೆ ಅವರು ಎಲೆಕ್ಟ್ರಾನುಗಳು ಬಂದು ಬಡಿಯುವ ಕಡೆ ಅಲ್ಯೂಮಿನಿಯಂ ಬಿಲ್ಲೆ ಇಟ್ಟು ಅದು ಎಷ್ಟು ಬಿಸಿಯಾಯಿತು ಎಂದು ನೋಡಿದರು. ಬಿಸಿ ಸರಿಯಾಗಿಯೇ ಇತ್ತು. ಶಕ್ತಿ ಪೂರ್ತಿ ಸೇರಿತ್ತು, ವೇಗ ಮಾತ್ರ ಏರಲಿಲ್ಲ.

ಯಾಕೆ ಏರಲಿಲ್ಲ ಎಂಬುದಕ್ಕೆ ಉತ್ತರ ಎಲೆಕ್ಟ್ರಾನಿನ ಒಳಗಿಲ್ಲ, ಚೌಕಟ್ಟುಗಳ ನಡುವಿನ ಲೆಕ್ಕದಲ್ಲಿದೆ. ಬೆಳಕಿನ 0.9 ಪಾಲು ವೇಗದಲ್ಲಿ ಹೋಗುತ್ತಿರುವ ಎಲೆಕ್ಟ್ರಾನಿಗೆ ಹಿಂದಿನಿಂದ ಒಂದು ದೂಡು ಕೊಡುತ್ತೇವೆ ಅಂತ ಇಟ್ಟುಕೊಳ್ಳಿ, ಅದರ ಜೊತೆಯಲ್ಲೇ ಅಷ್ಟೇ ವೇಗದಲ್ಲಿ ಹೋಗುತ್ತಿರುವವನಿಗೆ ಅದು 0.1 ಪಾಲು ಮುಂದೆ ಹಾರಿದ ಹಾಗೆ ಕಾಣುತ್ತದೆ. ಅವನ ಪಾಲಿಗೆ ಎಲೆಕ್ಟ್ರಾನ್ ಮೊದಲಿನಷ್ಟೇ ಹಗುರ, ದೂಡಿದರೆ ಓಡುತ್ತದೆ. ನಮಗೆ? 0.9 ಮತ್ತು 0.1 ಕೂಡಿದರೆ 1 ಆಗಬೇಕಿತ್ತು. ಆದರೆ ಐನ್‌ಸ್ಟೈನ್‌ನ ಸಾಪೇಕ್ಷತೆಯಲ್ಲಿ (ರಿಲೇಟಿವಿಟಿ) ವೇಗಗಳನ್ನು ಹಾಗೆ ಕೂಡುವ ಹಾಗಿಲ್ಲ. ಕೂಡಿದ್ದನ್ನು 1.09ರಿಂದ ಭಾಗಿಸಬೇಕು, ಅಂದರೆ 1ಕ್ಕೆ ಎರಡೂ ವೇಗಗಳ ಗುಣಲಬ್ಧ ಸೇರಿಸಿ ಭಾಗಿಸಬೇಕು. ಬರುವುದು 0.917. ಅವನಿಗೆ 0.1 ಏರಿದ್ದು ನಮಗೆ ಕಂಡದ್ದು ಬರೇ 0.017. ಇನ್ನೊಮ್ಮೆ ದೂಡಿದರೂ ಅವನಿಗೆ ಪುನಃ 0.1, ನಮಗೆ ಇನ್ನೂ ಕಮ್ಮಿ. ಅವನ ಗಡಿಯಾರ, ಅಳತೆಕೋಲಿಗೂ ನಮ್ಮದಕ್ಕೂ ತಾಳೆ ಇಲ್ಲ, ಅದರ ಫಲ ಇದು. ಕಣ ಸೋಮಾರಿ ಆದದ್ದಲ್ಲ.

ಜಿನೀವಾದ ಹತ್ತಿರ ಇರುವ ಸೆರ್ನ್ ಪ್ರಯೋಗಾಲಯದ ಕಣ ಓಡಿಸುವ ಯಂತ್ರದಲ್ಲಿ ಇದು ಇನ್ನೂ ಚಂದ ಕಾಣುತ್ತದೆ. ದೊಡ್ಡ ಉಂಗುರದೊಳಗೆ ಪ್ರೋಟಾನ್ ಬರುವಾಗ ಅದರ ಶಕ್ತಿ 450 ಗಿಗಾ (ಗಿಗಾ ಎಂದರೆ ನೂರು ಕೋಟಿ) ಎಲೆಕ್ಟ್ರಾನ್ ವೋಲ್ಟ್, ಬೆಳಕಿಗಿಂತ ಸೆಕೆಂಡಿಗೆ ಸುಮಾರು 650 ಮೀಟರ್ ಹಿಂದೆ ಇರುತ್ತದೆ. ಅದನ್ನು 6800ಕ್ಕೆ ಏರಿಸುತ್ತಾರೆ. ಶಕ್ತಿ ಹದಿನೈದು ಪಟ್ಟು ಆಯಿತು. ವೇಗ? ಈಗಲೂ ಬೆಳಕಿಗಿಂತ ಸೆಕೆಂಡಿಗೆ ಮೂರು ಮೀಟರಿನಷ್ಟು ಹಿಂದೆ, ಅಂದರೆ ಸೈಕಲ್ ತುಳಿಯುವಷ್ಟು ವೇಗದ ವ್ಯತ್ಯಾಸ ಇನ್ನೂ ಉಳಿದೇ ಇದೆ. ಅಲ್ಲಿಯವರು ಪ್ರೋಟಾನಿನ ದ್ರವ್ಯರಾಶಿ ಬರೆಯುವಾಗ ಮಾತ್ರ ಅದೇ ಗಿಗಾ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ ಮೊದಲೂ 0.938, ಆಮೇಲೂ 0.938.

ಹಳೇ ಲೆಕ್ಕದ ಇನ್ನೊಂದು ತಕರಾರು ನೋಟ್ಸಲ್ಲಿ ಇರಲಿಕ್ಕಿಲ್ಲ. ಓಡುವ ಕಣ ಭಾರ ಆಗುತ್ತದೆ ಎನ್ನುತ್ತೀರಲ್ಲ, ಎಷ್ಟು ಭಾರ? ಅದೇ 0.8 ವೇಗದ ಕಣವನ್ನು ಅಡ್ಡಕ್ಕೆ ದೂಡಿದರೆ ಅದು 1.67 ಪಟ್ಟು ಭಾರದ ವಸ್ತುವಿನ ಹಾಗೆ ವರ್ತಿಸುತ್ತದೆ. ಓಡುವ ದಿಕ್ಕಿನಲ್ಲೇ ದೂಡಿದರೆ ಗಾಮಾದ ಘನ ಬರುತ್ತದೆ, 4.63 ಪಟ್ಟು. ಒಂದೇ ಕಣ, ಒಂದೇ ವೇಗ, ದೂಡುವ ದಿಕ್ಕಿಗೆ ತಕ್ಕ ಹಾಗೆ ಎರಡು ದ್ರವ್ಯರಾಶಿ! ಐನ್‌ಸ್ಟೈನ್ 1905ರ ಮೊದಲ ಲೇಖನದಲ್ಲಿ ಇಂಥ ಎರಡು ದ್ರವ್ಯರಾಶಿಗಳ ಮಾತು ಎತ್ತಿದ್ದರು, ಆ ಕಾಲದಲ್ಲಿ ಎಲೆಕ್ಟ್ರಾನಿನ ಮೇಲೆ ಕೆಲಸ ಮಾಡುವವರೆಲ್ಲ ಹಾಗೇ ಮಾತಾಡುತ್ತಿದ್ದರು. ಗಾಮಾ ಒಂದರಿಂದಲೇ ಗುಣಿಸಿ ಅದನ್ನು ಓಡುವ ವಸ್ತುವಿನ ದ್ರವ್ಯರಾಶಿ ಎಂದು ಗಟ್ಟಿಯಾಗಿ ವಾದಿಸಿದವರು ಅಮೆರಿಕದ ವಿಜ್ಞಾನಿ ರಿಚರ್ಡ್ ಟೋಲ್ಮನ್, 1912ರಲ್ಲಿ. ಪಠ್ಯಪುಸ್ತಕಗಳು ಅದನ್ನು ಹಿಡಿದುಕೊಂಡವು, ಇವತ್ತಿಗೂ ಕೆಲವು ಬಿಟ್ಟಿಲ್ಲ. ಐನ್‌ಸ್ಟೈನ್ ಮಾತ್ರ 1948ರಲ್ಲಿ ಲಿಂಕನ್ ಬಾರ್ನೆಟ್ ಎಂಬ ಪತ್ರಕರ್ತರಿಗೆ ಬರೆದ ಕಾಗದದಲ್ಲಿ ಇದು ಒಳ್ಳೆಯದಲ್ಲ, ನಿಶ್ಚಲ ದ್ರವ್ಯರಾಶಿ (ವಸ್ತು ನಿಂತಿರುವಾಗ ಇರುವ ದ್ರವ್ಯರಾಶಿ) ಒಂದನ್ನೇ ಇಟ್ಟುಕೊಳ್ಳುವುದು ಮೇಲು ಎಂಬ ಅರ್ಥದಲ್ಲಿ ಹೇಳಿದ್ದಾರೆ. ಇದನ್ನು ಮಗಳಿಗೆ ಹೇಳಿ, ಕ್ಲಾಸಲ್ಲಿ ಉಪಯೋಗಕ್ಕೆ ಬರಬಹುದು.

ಈಗ ಮಜಾ ಇರುವ ಭಾಗ. ಓಟದಿಂದ ದ್ರವ್ಯರಾಶಿ ಹೆಚ್ಚುವುದಿಲ್ಲ ಎಂದು ಇಷ್ಟು ಹೊತ್ತು ಹೇಳಿದೆ, ಆದರೆ ಒಳಗಿನ ಓಟದಿಂದ ಹೆಚ್ಚುತ್ತದೆ! ಯೂಟ್ಯೂಬಿನವರು ಇದನ್ನು ಬಿಟ್ಟಿದ್ದರೆ ಅದು ದೊಡ್ಡ ಲೋಪ.

ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ತನಕ ಬಿಸಿ ಮಾಡಿ, ಮುಚ್ಚಳ ಹಾಕಿ, ಆವಿ ಹೊರಗೆ ಹೋಗದ ಹಾಗೆ. ನೀರಿನೊಳಗೆ ಅಣುಗಳು ಜೋರು ಓಡಾಡುತ್ತಿವೆ, ಆದರೆ ಎಲ್ಲ ದಿಕ್ಕಿಗೂ ಓಡುವುದರಿಂದ ಒಟ್ಟು ಸಂವೇಗ ಸೊನ್ನೆ, ಪಾತ್ರೆ ಅಡುಗೆಮನೆಯಲ್ಲಿ ನಿಂತಲ್ಲೇ ಉಂಟು. ಮೇಲಿನ ಸೂತ್ರ ಹಾಕಿ ನೋಡಿ. ಕಳೆಯಲು ಸಂವೇಗವೇ ಇಲ್ಲ, ಹಾಗಾಗಿ ಸೇರಿದ ಶಕ್ತಿಯೆಲ್ಲ ದ್ರವ್ಯರಾಶಿಯ ಲೆಕ್ಕಕ್ಕೆ ಬರುತ್ತದೆ. ಸೇರಿದ್ದು ಸುಮಾರು 2 ಲಕ್ಷ 93 ಸಾವಿರ ಜೂಲ್. ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಒಂದು ಗ್ರಾಮಿನ ಮೂವತ್ತು ಕೋಟಿಯಲ್ಲಿ ಒಂದು ಪಾಲು. ಯಾವ ತಕ್ಕಡಿಗೂ ಸಿಗುವುದಿಲ್ಲ, ಆದರೆ ಬಿಸಿನೀರು ತಣ್ಣೀರಿಗಿಂತ ಅಷ್ಟು ಭಾರ ಇರುವುದು ನಿಜ. ಇದು ಚೌಕಟ್ಟಿನ ಆಟ ಅಲ್ಲ, ಎಲ್ಲರೂ ಒಪ್ಪುವ ಹೆಚ್ಚಳ.

ಇದೇ ಲೆಕ್ಕ ಕಲ್ಲಿದ್ದಲಿಗೂ ಹೊಂದುತ್ತದೆ. ದ್ರವ್ಯರಾಶಿ ಶಕ್ತಿಯಾಗುವುದು ಅಣುಸ್ಥಾವರದಲ್ಲಿ ಮಾತ್ರ ಎಂದು ತುಂಬಾ ಜನ ನಂಬಿದ್ದಾರೆ. ಪಡುಬಿದ್ರಿಯ ಹತ್ತಿರದ ಎಲ್ಲೂರಿನ ಕಲ್ಲಿದ್ದಲು ಸ್ಥಾವರ 1200 ಮೆಗಾವಾಟಿನದ್ದು. ಒಂದಿಡೀ ದಿನ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ಅಲ್ಲಿಂದ ಲೈನಿಗೆ ಹೋಗುವ ಕರೆಂಟಿನ ಶಕ್ತಿಗೆ ಸಮನಾದ ದ್ರವ್ಯರಾಶಿ 1.15 ಗ್ರಾಂ. ಚಿಮಣಿಯಿಂದ, ತಂಪು ಮಾಡುವ ನೀರಿನಿಂದ ಹೋಗುವ ಬಿಸಿ ಅದಲ್ಲದೆ ಬೇರೆ. ಉರಿದ ಕಲ್ಲಿದ್ದಲು ಮತ್ತು ಆಮ್ಲಜನಕವನ್ನು ಒಂದು ಕಡೆ, ಹೊರಬಂದ ಹೊಗೆ ಮತ್ತು ಬೂದಿಯನ್ನು ತಣ್ಣಗಾದ ಮೇಲೆ ಇನ್ನೊಂದು ಕಡೆ ಇಟ್ಟು ತೂಗಲು ಸಾಧ್ಯವಿದ್ದರೆ ಅಷ್ಟು ಕಮ್ಮಿ ಇರುತ್ತದೆ. ಸಾವಿರಗಟ್ಟಲೆ ಟನ್ನಿನಲ್ಲಿ ಕೆಲವು ಗ್ರಾಂ, ಯಾರಿಗೂ ಗೊತ್ತಾಗದ್ದು ಆಶ್ಚರ್ಯ ಅಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗುವಾ. ಬೆಳಕಿನ ಕಣ ಫೋಟಾನಿಗೆ ದ್ರವ್ಯರಾಶಿ ಸೊನ್ನೆ. ಹಾಗಾದರೆ ಎರಡು ಫೋಟಾನುಗಳ ಜೋಡಿಗೆ? ಸೊನ್ನೆಗೆ ಸೊನ್ನೆ ಕೂಡಿದರೆ ಸೊನ್ನೆ ಎಂದು ಬರೆದರೆ ನಾನು ಮಾರ್ಕು ಕೊಡುವುದಿಲ್ಲ. ಎರಡೂ ವಿರುದ್ಧ ದಿಕ್ಕಿಗೆ ಹೋಗುತ್ತಿದ್ದು ಒಂದೊಂದಕ್ಕೆ 62.5 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದ್ದರೆ ಸಂವೇಗಗಳು ಹೊಡೆದುಹೋಗಿ ಸೊನ್ನೆ, ಶಕ್ತಿ 125. ಜೋಡಿಯ ದ್ರವ್ಯರಾಶಿ 125. ಈಗ ಇದೇ ಜೋಡಿಯನ್ನು ಪಕ್ಕಕ್ಕೆ ಓಡುವ ಇನ್ನೊಂದು ಚೌಕಟ್ಟಿನಿಂದ ನೋಡಿ. ಒಂದೊಂದರ ಶಕ್ತಿ 100 ಕಾಣಬಹುದು, ನಡುವಿನ ಕೋನ 180 ಡಿಗ್ರಿ ಇದ್ದದ್ದು 77ರ ಹತ್ತಿರಕ್ಕೆ ಮುಚ್ಚಿಕೊಂಡಿರುತ್ತದೆ. ಒಟ್ಟು ಶಕ್ತಿ 200 ಆಯಿತು, ಆದರೆ ಸಂವೇಗವೂ ಬಂತು, ವರ್ಗ ಮಾಡಿ ಕಳೆದರೆ ಮತ್ತೆ 125. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಮಾತ್ರ ಸೊನ್ನೆ.

ಈ 125 ಸುಮ್ನೆ ತಗೊಂಡ ಸಂಖ್ಯೆ ಅಲ್ಲ. 2012ರ ಜುಲೈ 4ರಂದು ಸೆರ್ನಿನವರು ಹಿಗ್ಸ್ ಕಣ ಸಿಕ್ಕಿತು ಎಂದು ಹೇಳಿದಾಗ ಅವರ ಮುಖ್ಯ ಸಾಕ್ಷಿಗಳಲ್ಲಿ ಒಂದು ಇಂಥ ಫೋಟಾನ್ ಜೋಡಿಗಳೇ. ಹಿಗ್ಸ್ ಹುಟ್ಟಿದ ಕ್ಷಣದಲ್ಲೇ ಒಡೆದುಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೊಂದು ಸಲ ಒಂದೊಂದು ವೇಗದಲ್ಲಿ, ಒಂದೊಂದು ದಿಕ್ಕಿಗೆ ಓಡುತ್ತಾ ಒಡೆಯುತ್ತದೆ, ಹಾಗಾಗಿ ಫೋಟಾನುಗಳ ಶಕ್ತಿಯೂ ಕೋನವೂ ಪ್ರತಿ ಸಲ ಬೇರೆ. ಜೋಡಿ ಜೋಡಿಯಾಗಿ ದ್ರವ್ಯರಾಶಿ ಲೆಕ್ಕ ಹಾಕಿ ಗ್ರಾಫಿಗೆ ಹಾಕಿದರು, 125ರ ಹತ್ತಿರ ಒಂದು ದಿಬ್ಬ ಎದ್ದಿತು. ದ್ರವ್ಯರಾಶಿ ಚೌಕಟ್ಟಿಗೆ ತಕ್ಕ ಹಾಗೆ ಬದಲಾಗುತ್ತಿದ್ದರೆ ಆ ದಿಬ್ಬ ಏಳುತ್ತಲೇ ಇರಲಿಲ್ಲ, ಎಲ್ಲ ಹರಡಿಹೋಗುತ್ತಿತ್ತು.

ನಿಮ್ಮ ದೇಹದ ತೂಕವೂ ಇದೇ ಕಥೆ. ಪ್ರೋಟಾನಿನೊಳಗೆ ಕ್ವಾರ್ಕ್ ಎಂಬ ಮೂಲಕಣ ಮೂರು ಎಂದು ಓದಿರುತ್ತೀರಿ. ಆ ಮೂರರ ದ್ರವ್ಯರಾಶಿ ಕೂಡಿದರೆ ಸುಮಾರು 9, ಪ್ರೋಟಾನಿನದ್ದು 938 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಬಾಕಿ, ಅಂದರೆ ನೂರರಲ್ಲಿ 99 ಪಾಲು, ಒಳಗಿನ ಕ್ವಾರ್ಕುಗಳ ಓಡಾಟ ಮತ್ತು ಅವನ್ನು ಕಟ್ಟಿಹಾಕಿದ ಗ್ಲುವಾನುಗಳ ಶಕ್ತಿಯಿಂದ ಬಂದದ್ದು. ತಕ್ಕಡಿಯಲ್ಲಿ ಅರವತ್ತು ಕೆ.ಜಿ. ತೋರಿಸಿದರೆ ಅದರಲ್ಲಿ ವಸ್ತುವಿನ ಮೂಲಕಣಗಳ ಸ್ವಂತ ದ್ರವ್ಯರಾಶಿ ಅರ್ಧ ಕಿಲೋದಿಂದ ಸ್ವಲ್ಪ ಜಾಸ್ತಿ, ಅಷ್ಟೆ.

ಇನ್ನು ಕಪ್ಪುಕುಳಿ. ಕಲ್ಲು ವೇಗ ಹೆಚ್ಚಿಸಿಕೊಂಡು ಕಪ್ಪುಕುಳಿ ಆಗುತ್ತದಾ? ಇಲ್ಲ. ಕಲ್ಲಿನ ಜೊತೆ ಹೋಗುವವನಿಗೆ ಅದು ಸುಮ್ನೆ ಕೂತಿರುವ ಕಲ್ಲು, ಮತ್ತು ಕಪ್ಪುಕುಳಿ ಆಯಿತೋ ಇಲ್ಲವೋ ಎಂಬುದರಲ್ಲಿ ಇಬ್ಬರಿಗೆ ಎರಡು ಉತ್ತರ ಇರಲು ಸಾಧ್ಯವಿಲ್ಲ. ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಲ್ಲಿ ಗುರುತ್ವಕ್ಕೆ ಮೂಲ ಶಕ್ತಿ ಒಂದೇ ಅಲ್ಲ, ಸಂವೇಗ, ಒತ್ತಡ ಎಲ್ಲ ಸೇರುತ್ತವೆ, ಶಕ್ತಿಯನ್ನು ಮಾತ್ರ ಹಿಡಿದು ನ್ಯೂಟನ್ ಸೂತ್ರಕ್ಕೆ ಹಾಕಿದರೆ ಎಡವಟ್ಟು ಉತ್ತರ ಬರುತ್ತದೆ.

ಇದು ಬರೇ ಬಾಯಿಮಾತು ಅನ್ನಿಸಿದರೆ ಹೀಗೆ ನೋಡಿ. 1991ರ ಅಕ್ಟೋಬರ್ 15ರಂದು ಅಮೆರಿಕದ ಯೂಟಾದಲ್ಲಿ ಆಕಾಶದಿಂದ ಒಂದು ಕಣ ಬಿತ್ತು. ಅದರ ಶಕ್ತಿ 3.2 ಗುಣಿಸು ಹತ್ತರ ಇಪ್ಪತ್ತನೇ ಘಾತದಷ್ಟು ಎಲೆಕ್ಟ್ರಾನ್ ವೋಲ್ಟ್, ಸುಮಾರು 50 ಜೂಲ್. ಒಂದೇ ಒಂದು ಕಣಕ್ಕೆ! ಅದು ಪ್ರೋಟಾನ್ ಎಂದು ಇಟ್ಟುಕೊಂಡರೆ ಗಾಮಾ ಸುಮಾರು 34 ಸಾವಿರ ಕೋಟಿ. ಈಗ ಆ ಕಣದ ಚೌಕಟ್ಟಿನಲ್ಲಿ ಕೂತು ನೋಡಿ. ಅದು ನಿಂತಿದೆ, ಇಡೀ ಭೂಮಿ ಅದರ ಕಡೆಗೆ ನುಗ್ಗಿ ಬರುತ್ತಿದೆ, ಅದೇ ಗಾಮಾದಲ್ಲಿ. ನೋಟ್ಸಿನ ಸೂತ್ರದ ಪ್ರಕಾರ ಭೂಮಿಯ ದ್ರವ್ಯರಾಶಿ 34 ಸಾವಿರ ಕೋಟಿ ಪಟ್ಟು ಹೆಚ್ಚಾಗಿರಬೇಕು. ಈಗಿರುವ ಭೂಮಿಯನ್ನು ಕಪ್ಪುಕುಳಿ ಮಾಡಬೇಕಾದರೆ 9 ಮಿಲಿಮೀಟರ್ ತ್ರಿಜ್ಯಕ್ಕೆ, ದೊಡ್ಡ ಗೋಲಿಯಷ್ಟಕ್ಕೆ, ಹಿಂಡಬೇಕು. ಅಷ್ಟು ಪಟ್ಟು ಹೆಚ್ಚಾದ ಭೂಮಿಗೆ ಆ ತ್ರಿಜ್ಯ 30 ಲಕ್ಷ ಕಿಲೋಮೀಟರ್ ಆಗುತ್ತದೆ. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಅಂದರೆ ಆ ಲೆಕ್ಕದಲ್ಲಿ ನಾವೆಲ್ಲ ಕಪ್ಪುಕುಳಿಯೊಳಗೆ ಸೇರಿ ಎಷ್ಟೋ ಕಾಲ ಆಗಬೇಕಿತ್ತು, ಯಾಕೆಂದರೆ ಅಂಥ ಕಣ ಅದೊಂದೇ ಬಂದದ್ದಲ್ಲ. ನೀವು ಕಾಪುವಿನಲ್ಲಿ ಕೂತು ನನಗೆ ಪ್ರಶ್ನೆ ಕಳಿಸಿದ್ದೀರಿ.

ಪರೀಕ್ಷೆಗೆ ಏನು ಬರೆಯಬೇಕು ಎಂದು ಮಗಳು ಕೇಳುತ್ತಾಳೆ, ನೀವು ಕೇಳದಿದ್ದರೂ. ವೇಗದೊಂದಿಗೆ ದ್ರವ್ಯರಾಶಿಯ ಬದಲಾವಣೆಗೆ ಸೂತ್ರ ಬರೆಯಿರಿ ಎಂದು ಪ್ರಶ್ನೆಯೇ ಹಾಗೆ ಇದ್ದರೆ ಜಗಳ ಬೇಡ, ಸೂತ್ರ ಬರೆದು ಮಾರ್ಕು ತಗೊಳ್ಳಲಿ. ಲೆಕ್ಕ ಬಿಡಿಸುವಾಗ ಮಾತ್ರ ದ್ರವ್ಯರಾಶಿ ಎಂದರೆ ನಿಶ್ಚಲ ದ್ರವ್ಯರಾಶಿ ಎಂದು ಮೊದಲ ಸಾಲಿನಲ್ಲೇ ಬರೆದು, ಗಾಮಾವನ್ನು ದ್ರವ್ಯರಾಶಿಯೊಳಗೆ ಅಡಗಿಸದೆ ಪ್ರತ್ಯೇಕ ಇಟ್ಟುಕೊಳ್ಳಲಿ. ಚೌಕಟ್ಟು ಬದಲಾಯಿಸುವ ಲೆಕ್ಕ ಬಂದಾಗ ಅರ್ಧ ತಪ್ಪುಗಳು ಅಲ್ಲೇ ತಪ್ಪುತ್ತವೆ. ಘರ್ಷಣೆಯ ಲೆಕ್ಕ ಬಂದರೆ ಒಟ್ಟು ಸಂವೇಗ ಸೊನ್ನೆ ಇರುವ ಚೌಕಟ್ಟಿನಲ್ಲಿ ಶುರು ಮಾಡಲಿ, ಅರ್ಧ ಪುಟದ ಲೆಕ್ಕ ನಾಲ್ಕು ಸಾಲಿಗೆ ಇಳಿಯುತ್ತದೆ.